ಎಂಟನೇ ಮೈಲಿಯ ನಗರಸಭೆ

ದಬ್ಬೇಘಟ್ಟದಿಂದ ಬೆಂಗಳೂರಿಗೆ ಹೊರಟವರು ಕುಣಿಗಲ್ ಮೇಲೆ ಹೋಗಲಿ, ತುಮಕೂರು ಬಳಸಿಕೊಂಡು ಹೋಗಲಿ, ನೆಲಮಂಗಲದಲ್ಲಿ ಒಂದೇ ರಸ್ತೆಗೆ ಸೇರುತ್ತಾರೆ. ಅಲ್ಲಿಂದ ಮುಂದೆ ಕಂಡಕ್ಟರು ಕೂಗುವ ಹೆಸರುಗಳಲ್ಲಿ 'ಎಂಟನೇ ಮೈಲಿ' ಒಂದು. ಕಿಲೋಮೀಟರಿನ ಲೆಕ್ಕದಲ್ಲಿ ಅದು ಸುಮಾರು 13. ಮೈಲಿಕಲ್ಲು ಹೋದರೂ ಹೆಸರು ಹೋಗಲಿಲ್ಲ. ಆದರೆ ಅದರ ಪಕ್ಕದ ದಾಸರಹಳ್ಳಿಗೆ ತನ್ನದೇ ನಗರಸಭೆ ಇತ್ತೆಂಬುದು ಇಂದಿನ ಮಕ್ಕಳಿಗೆ ಗೊತ್ತಿರಲಾರದು.

ಮಲ್ಲಸಂದ್ರ, ಚೊಕ್ಕಸಂದ್ರ, ನಾಗಸಂದ್ರ ಎಲ್ಲ ಆ ಕಡೆಯ ಊರುಗಳೇ. ಸಂದ್ರವೆಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಹತ್ತಿರದ ಜಾಲಹಳ್ಳಿಗೆ 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿತು. ಕೊಬ್ಬರಿಯ ಬೆಲೆ ಕುಸಿದ ವರ್ಷಗಳಲ್ಲಿ ನಮ್ಮ ಸೀಮೆಯ ಹುಡುಗರೂ ಅಲ್ಲಿಯ ಲೇತ್ ಯಂತ್ರಗಳ ಮುಂದೆ ನಿಂತರು. ಹೊಲಗಳು ರೆವಿನ್ಯೂ ಬಡಾವಣೆಗಳಾದವು. ಕೆರೆಯ ಹೆಸರಿನ ಊರುಗಳಲ್ಲೇ ನೀರಿಗೆ ಟ್ಯಾಂಕರ್ ಬಂತು!

ಇಷ್ಟು ದೊಡ್ಡ ಜನವಸತಿಯನ್ನು ಗ್ರಾಮ ಪಂಚಾಯಿತಿ ನಿಭಾಯಿಸಲಾರದೆ ಹೋದಾಗ, 1990ರ ದಶಕದ ನಡುವೆ ಬೆಂಗಳೂರಿನ ಸುತ್ತ ನಗರಸಭೆಗಳು ಹುಟ್ಟಿದವು. ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ಯಲಹಂಕ, ರಾಜರಾಜೇಶ್ವರಿನಗರ, ಹೀಗೆ ಏಳು. ಕೆಂಗೇರಿಯದು ಪುರಸಭೆ.

ಈ ಎಂಟೂ ಕಡೆ ಜನರ ದೊಡ್ಡ ಬೇಡಿಕೆ ಕಾವೇರಿ ನೀರು. ಅದು ಸುಲಭದ ಮಾತಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಮೂರು ಹಂತಗಳಲ್ಲಿ ಎತ್ತಬೇಕು. ಒಂಬತ್ತನೇ ತರಗತಿಯ ಸೂತ್ರವನ್ನೇ ಹಾಕಿ ನೋಡಿ: ರಾಶಿ, ಗುರುತ್ವ, ಎತ್ತರ. ಹತ್ತು ಲೀಟರಿನ ಒಂದು ಬಿಂದಿಗೆಗೆ ಕನಿಷ್ಠ 49,000 ಜೌಲ್ ಕೆಲಸ. ಪಂಪಿನಲ್ಲಿ, ಕೊಳವೆಯಲ್ಲಿ ಪೋಲಾಗುವ ಶಕ್ತಿ ಬೇರೆ. ನಲ್ಲಿ ತಿರುಗಿಸುವ ಕೈಗೆ ಇದು ತಿಳಿಯುವುದಿಲ್ಲ.

ಈ ಯೋಜನೆಗೆ ಮನೆಯವರಿಂದ ನಿವೇಶನದ ಅಳತೆಗೆ ತಕ್ಕ ವಂತಿಗೆಯನ್ನೂ ಪಡೆಯಲಾಯಿತು. ಆದರೆ 2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟದ ದಿನಕ್ಕೆ 50 ಕೋಟಿ ಲೀಟರ್ ನೀರು ಬಂದದ್ದು 2012ರಲ್ಲಿ. ಬೇಡಿಕೆಯನ್ನು ಮೊದಲು ಕೇಳಿಸಿಕೊಂಡ ಸಭೆ ಅಷ್ಟರಲ್ಲಿ ಇರಲೇ ಇಲ್ಲ.

ಒಂದು ವಿಷಯವನ್ನು ಪೋಷಕರೂ ಗಮನಿಸಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ನಗರಾಡಳಿತದ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಮೂರು ವರ್ಷ ದಾಸರಹಳ್ಳಿಯವರು ಚರಂಡಿ ಕಟ್ಟಿದರೆ ಹೋಗಿ ಕೇಳಲು ಬೀದಿಯ ಸದಸ್ಯನಿರಲಿಲ್ಲ, ಅಧಿಕಾರಿಯೇ ಎಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮತ್ತೆ ಮುಗಿಯಿತು. ಮುಂದಿನ ಐದು ವರ್ಷವೂ ಹಾಗೆಯೇ ಕಳೆಯಿತು. ಪುಸ್ತಕದಲ್ಲಿ ಓದುವ ಪೌರನೀತಿಗೂ ಬೀದಿಯಲ್ಲಿ ಕಾಣುವುದಕ್ಕೂ ಇಷ್ಟು ಅಂತರ.

2025ರ ಸೆಪ್ಟೆಂಬರಿನಲ್ಲಿ ಆ ಬೃಹತ್ ಪಾಲಿಕೆಯೂ ಹೋಗಿ ಐದು ಪಾಲಿಕೆಗಳಾದವು. ಹದಿನೆಂಟು ವರ್ಷದ ಹಿಂದೆ ಕೂಡಿಸಿದ್ದನ್ನು ಈಗ ಭಾಗಿಸಿದರು. ದಾಸರಹಳ್ಳಿಗೆ ಮೆಟ್ರೋ ನಿಲ್ದಾಣವಿದೆ. ಬಸ್ಸಿನವರು ಮಾತ್ರ ಇನ್ನೂ ಎಂಟನೇ ಮೈಲಿ ಎಂದೇ ಕೂಗುತ್ತಾರೆ.