ಕಂತಿನ ಗಾಡಿ ಮತ್ತು ಮುಚ್ಚಿಟ್ಟ ಕಾಗದ

ಯಾದಗಿರಿ ರೈಲು ನಿಲ್ದಾಣದ ಮುಂದೆ, ಶಹಾಪುರದ ಬಸ್ ನಿಲ್ದಾಣದ ಬಳಿ, ಸುರಪುರದ ರಸ್ತೆಬದಿಯಲ್ಲಿ ಸಾಲಾಗಿ ನಿಂತ ಟಂಟಂ, ಕ್ರೂಸರ್ ಮತ್ತು ಹಳೆಯ ಕಾರುಗಳನ್ನು ಒಮ್ಮೆ ಗಮನಿಸಿ ನೋಡಿ. ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಮಾಷಾ ಅಲ್ಲಾಹ್' ಎಂದೋ 'ತಾಯಿಯ ಆಶೀರ್ವಾದ' ಎಂದೋ ಬರೆದಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಫೈನಾನ್ಸ್ ಕಂಪೆನಿಯ ಹೆಸರಿರುತ್ತದೆ. ಗಾಡಿಯ ದುಡಿಮೆ ಯಾರ ಮನೆಗೆ ಮೊದಲು ಸೇರುತ್ತದೆ ಎಂಬುದನ್ನು ಈ ಸಣ್ಣ ಅಕ್ಷರಗಳು ಹೇಳುತ್ತವೆ.

ಶಹಾಪುರಕ್ಕಾಗಲಿ ಸುರಪುರಕ್ಕಾಗಲಿ ರೈಲಿಲ್ಲ. ನಾರಾಯಣಪುರ ಕಾಲುವೆಯ ನೀರುಂಡ ಹೊಲಗಳಿಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಕೂಲಿಗಳನ್ನು ಒಯ್ಯಬೇಕು; ರೋಗಿಯನ್ನು ಕಲಬುರಗಿಗೆ, ಮದುವೆಯ ಮಂದಿಯನ್ನು ಹಳ್ಳಿಗೆ ಮುಟ್ಟಿಸಬೇಕು. ಈ ಕೆಲಸವನ್ನು ನಮ್ಮ ಮೊಹಲ್ಲಾಗಳ ಯುವಕರು ಬಹುಕಾಲದಿಂದ ಮಾಡುತ್ತಾ ಬಂದಿದ್ದಾರೆ. ಜಮೀನಿಲ್ಲದ, ನೌಕರಿಯಿಲ್ಲದ ಕುಟುಂಬಕ್ಕೆ ಒಂದು ಗಾಡಿಯೇ ಹೊಲ, ಒಂದು ಗಾಡಿಯೇ ಅಂಗಡಿ. ಆದರೆ ಅದನ್ನು ಕೊಳ್ಳಲು ಹಣವೆಲ್ಲಿಂದ ಬರಬೇಕು? ಬ್ಯಾಂಕು ಆದಾಯದ ದಾಖಲೆ ಕೇಳುತ್ತದೆ. ದಿನಗೂಲಿಯವನ ಬಳಿ ಅದಿಲ್ಲ. ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿಕೊಂಡಿವೆ ಎಂದು 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯೇ ದಾಖಲಿಸಿತ್ತು. ಬ್ಯಾಂಕಿನ ಬಾಗಿಲಿನಿಂದ ಮರಳಿದವನನ್ನು ಫೈನಾನ್ಸ್ ಏಜೆಂಟ್ ನಗುನಗುತ್ತಾ ಬರಮಾಡಿಕೊಳ್ಳುತ್ತಾನೆ. ಹತ್ತು ಕಡೆ ಸಹಿ, ನಾಲ್ಕಾರು ಖಾಲಿ ಚೆಕ್, ಸಂಜೆಗೆ ಗಾಡಿ ಮನೆಯ ಮುಂದೆ.

ಅಲ್ಲಿಂದ ಮುಂದಿನ ಲೆಕ್ಕವನ್ನು ಯಾರೂ ಅವನಿಗೆ ಬಿಡಿಸಿ ಹೇಳುವುದಿಲ್ಲ. ನಾವು ಇಲ್ಲಿ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹಳೆಯ ಕಾರಿಗೆ 4 ಲಕ್ಷ ರೂಪಾಯಿ ಸಾಲ, 4 ವರ್ಷಗಳ ಅವಧಿ, '14 ಪರ್ಸೆಂಟ್ ಫ್ಲ್ಯಾಟ್' ಎಂದು ಏಜೆಂಟ್ ಹೇಳುತ್ತಾನೆ. ವರ್ಷಕ್ಕೆ 56,000ದಂತೆ ನಾಲ್ಕು ವರ್ಷಕ್ಕೆ ಬಡ್ಡಿ 2,24,000. ಒಟ್ಟು 6,24,000, ತಿಂಗಳ ಕಂತು 13,000. ಹದಿನಾಲ್ಕು ಎಂದರೆ ಹೆಚ್ಚೇನಲ್ಲವಲ್ಲ ಎಂದು ಸಾಲಗಾರ ಸಮಾಧಾನ ಪಟ್ಟುಕೊಳ್ಳುತ್ತಾನೆ. ಆದರೆ ಪ್ರತಿ ತಿಂಗಳೂ ಅಸಲಿನ ಒಂದು ಭಾಗವನ್ನು ಅವನು ಮರಳಿಸುತ್ತಿದ್ದರೂ ಬಡ್ಡಿ ಮಾತ್ರ ಕೊನೆಯ ದಿನದವರೆಗೂ ಪೂರ್ತಿ 4 ಲಕ್ಷದ ಮೇಲೆಯೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಕ್ರಮದಲ್ಲಿ ಎಣಿಸಿದರೆ ಈ ಹದಿನಾಲ್ಕು ವಾಸ್ತವದಲ್ಲಿ ಸುಮಾರು ಶೇ. 24 ಆಗುತ್ತದೆ. ಒಂದು ವರ್ಷ ತಪ್ಪದೆ 1,56,000 ಕಟ್ಟಿದ ಮೇಲೂ ಅಸಲು ಇಳಿಯುವುದು ಸುಮಾರು 68,000 ಮಾತ್ರ. ಉಳಿದ 88,000 ಬಡ್ಡಿಯ ಪಾಲು.

ಈ ಸಾಲವನ್ನು ಬೇರೆಡೆಗೆ ವರ್ಗಾಯಿಸಲು ಸಾಧ್ಯವಿದೆ. ಕಡಿಮೆ ಬಡ್ಡಿಯ ಬ್ಯಾಂಕು ಅಥವಾ ಸಂಸ್ಥೆಯಿಂದ ಹೊಸ ಸಾಲ ಪಡೆದು ಹಳೆಯದನ್ನು ಒಮ್ಮೆಲೇ ಮುಗಿಸುವುದು ಕಾನೂನುಬದ್ಧವಾದ, ನಗರಗಳಲ್ಲಿ ಸಾಮಾನ್ಯವಾದ ಕ್ರಮ. ನಮ್ಮ ಪಟ್ಟಣಗಳಲ್ಲಿ ಇದನ್ನು ಕೇಳಿದವರೇ ವಿರಳ. ಕೇಳಿದವರು ಕೂಡ ಕಾಲ ಮಿಂಚಿದ ಮೇಲೆ ಹೊರಡುತ್ತಾರೆ. ಹೊಸ ಸಾಲದಾತರು ಬಹುತೇಕ ಒಂದು ವರ್ಷದ ಕಂತುಗಳ ದಾಖಲೆ ಕೇಳುತ್ತಾರೆ. ಮೇಲಿನ ಉದಾಹರಣೆಯಲ್ಲಿ ಒಂದು ವರ್ಷದ ನಂತರ ಉಳಿದ ಅಸಲು ಸುಮಾರು 3,32,000. ಅವಧಿಗೆ ಮುನ್ನ ಮುಗಿಸುವುದಕ್ಕೆ ಹಳೆಯ ಕಂಪೆನಿ ಶೇ. 4 ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ವಸೂಲು ಮಾಡಿತೆನ್ನಿ. ಹೊಸ ಸಾಲದ ಕಾಗದಪತ್ರದ ಖರ್ಚೂ ಸೇರಿ ಸುಮಾರು 22,000. ಅಂದರೆ 3,54,000 ಹೊಸ ಸಾಲ. ಇದು ಶೇ. 15ರಂತೆ, ಉಳಿದ 36 ತಿಂಗಳಿಗೇ ದೊರೆತರೆ ಕಂತು ಸುಮಾರು 12,270. ಎಲ್ಲ ಖರ್ಚು ಕಳೆದು 26,000 ರೂಪಾಯಿ ಉಳಿತಾಯ. ಇದೇ ಕೆಲಸವನ್ನು ಮೂವತ್ತು ಕಂತು ಕಟ್ಟಿದ ಮೇಲೆ ಮಾಡಿದರೆ? ಬಡ್ಡಿಯ ಬಹುಭಾಗವನ್ನು ಅವನು ಆಗಲೇ ತೆತ್ತಾಗಿರುತ್ತದೆ. ಶುಲ್ಕವೆಲ್ಲ ಸೇರಿ ಹೊಸ ಕಂತು ಹಳೆಯದಕ್ಕಿಂತ ನೂರೈವತ್ತು ರೂಪಾಯಿಯಷ್ಟು ಹೆಚ್ಚೇ ಆಗುತ್ತದೆ. ಅದೇ ಗಾಡಿ, ಅದೇ ಸಾಲ, ಅದೇ ಬಡ್ಡಿದರ. ವ್ಯತ್ಯಾಸ ಹದಿನೆಂಟು ತಿಂಗಳ ವಿಳಂಬದ್ದು.

ಇನ್ನೊಂದು ಬಲೆಯೂ ಇದೆ. 'ನಿನ್ನ ಕಂತನ್ನು ಎಂಟೂವರೆ ಸಾವಿರಕ್ಕೆ ಇಳಿಸಿಕೊಡುತ್ತೇವೆ' ಎಂದು ಹೇಳುವವರಿದ್ದಾರೆ. ಇಳಿಸುವುದೂ ನಿಜ. ಅದೇ 3,54,000ವನ್ನು ಐದು ವರ್ಷಕ್ಕೆ ಹಂಚಿದರೆ ಕಂತು ಸುಮಾರು 8,420 ಆಗುತ್ತದೆ. ಆದರೆ ಒಟ್ಟು ಕಟ್ಟುವುದು 5,05,000. ಹಳೆಯ ಸಾಲದಲ್ಲೇ ಉಳಿದಿದ್ದರೆ ಕಟ್ಟಬೇಕಾಗಿದ್ದುದು 4,68,000. ಮನೆ ನಡೆಯುವುದೇ ಅಸಾಧ್ಯವಾದಾಗ ಈ ಉಸಿರಾಟದ ಅವಕಾಶಕ್ಕೂ ಒಂದು ಬೆಲೆಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಉಳಿತಾಯವೆಂದು ತಿಳಿದು ಸಹಿ ಹಾಕಬಾರದು. ಜೊತೆಗೆ 'ಇನ್ನೊಂದು ಐವತ್ತು ಸಾವಿರ ಮೇಲೆ ಕೊಡುತ್ತೇವೆ, ತಂಗಿಯ ಮದುವೆಗೆ ಆದೀತು' ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಹಾಗಿದ್ದರೆ ಜನ ಏಕೆ ಹೋಗುವುದಿಲ್ಲ? ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: 'ನಮ್ಮ ಸಿಬಿಲ್ ಕೆಟ್ಟೈತ್ರಿ.' ಸಿಬಿಲ್ ಎಂಬುದು ಈಗ ನಮ್ಮ ಮೊಹಲ್ಲಾಗಳಲ್ಲಿ ಒಂದು ಕಾಯಿಲೆಯ ಹೆಸರಿನಂತೆ ಬಳಕೆಯಾಗುತ್ತಿದೆ. 300ರಿಂದ 900ರವರೆಗಿನ ಈ ಅಂಕ ಹೇಗೆ ಕೆಟ್ಟಿತೆಂದು ವಿಚಾರಿಸಿದರೆ ಹಲವರಿಗೆ ತಿಳಿದಿಲ್ಲ. ತಮ್ಮ ವರದಿಯನ್ನು ಅವರು ನೋಡಿಯೇ ಇಲ್ಲ. ಕೆಲವರದು ನಿಜವಾಗಿಯೂ ತಪ್ಪಿದ ಕಂತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ನೀಡಲಾಗಿತ್ತು. ಅದು ಮನ್ನಾ ಎಂದು ತಿಳಿದವರು ಎಡವಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಟಂಟಂ ಮತ್ತು ಕ್ರೂಸರ್‌ಗಳ ಮಹಿಳಾ ಪ್ರಯಾಣಿಕರು ಬಸ್ಸಿನತ್ತ ತಿರುಗಿದರು. ಬಡ ಮಹಿಳೆಗೆ ದೊರೆತ ಆ ಸೌಲಭ್ಯವನ್ನು ದೂಷಿಸುವವರಲ್ಲಿ ನಾವಿಲ್ಲ. ಆದರೆ ಸಂಪಾದನೆ ಕುಸಿದ ಚಾಲಕನ ಕಂತಿನ ಬಗ್ಗೆ ಯಾರೂ ಯೋಚಿಸಲಿಲ್ಲ ಎಂಬುದೂ ಸತ್ಯ.

ಇನ್ನು ಕೆಲವರದು ಭಾವಮೈದುನನಿಗೆ ಹಾಕಿದ ಜಾಮೀನು. ಅವನು ತಪ್ಪಿದ ಕಂತು ಇವನ ವರದಿಯಲ್ಲಿ ಕುಳಿತಿರುತ್ತದೆ. ಮತ್ತೆ ಕೆಲವರು ಹಳೆಯ ಬೈಕ್ ಸಾಲವನ್ನು 'ಇಷ್ಟು ಕೊಟ್ಟು ಮುಗಿಸಿ ಬಿಡಿ' ಎಂದ ವಸೂಲಿಗಾರನ ಮಾತಿನಂತೆ ಅರ್ಧಕ್ಕೆ ಇತ್ಯರ್ಥ ಮಾಡಿಕೊಂಡವರು. ವರದಿ ಅದನ್ನು 'ಮುಕ್ತಾಯ' ಎಂದು ತೋರಿಸದೆ 'ಸೆಟಲ್ಡ್' ಎಂದು ತೋರಿಸುತ್ತದೆ, ಹೊಸ ಸಾಲದಾತ ಅದನ್ನು ಕಳಂಕವೆಂದೇ ಓದುತ್ತಾನೆ. ನಮ್ಮ ಹೆಸರುಗಳ ತೊಂದರೆಯಂತೂ ಬೇರೆಯೇ. ಆಧಾರ್‌ನಲ್ಲಿ ಮೊಹಮ್ಮದ್, ಲೈಸೆನ್ಸ್‌ನಲ್ಲಿ ಮಹ್ಮದ್, ಬ್ಯಾಂಕಿನಲ್ಲಿ ಬರೀ ಎಂಡಿ. ಒಂದು ಕಡೆ ಖಾಜಾಸಾಬ್, ಇನ್ನೊಂದು ಕಡೆ ಖ್ವಾಜಾ ಸಾಹೇಬ್. ಅದೇ ಹೆಸರಿನ ಮತ್ತೊಬ್ಬನ ಬಾಕಿ ಇವನ ಖಾತೆಗೆ ಅಂಟಿಕೊಂಡರೆ ಆಶ್ಚರ್ಯವೇನಿದೆ?

ಇದನ್ನು ನೋಡಲು, ತಿದ್ದಿಸಲು ದಾರಿಯಿದೆ. ದೇಶದಲ್ಲಿ ನಾಲ್ಕು ಸಾಲಮಾಹಿತಿ ಕಂಪೆನಿಗಳಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ತಪ್ಪಿದ್ದರೆ ದೂರು ಸಲ್ಲಿಸಬಹುದು. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. 'ಸಿಬಿಲ್ ಸರಿಮಾಡಿಕೊಡುತ್ತೇವೆ' ಎಂದು ಐದು ಸಾವಿರ ಕೇಳುವ ಮಧ್ಯವರ್ತಿಗೆ ಇಲ್ಲಿ ಮಾಡಲು ಯಾವ ಕೆಲಸವೂ ಇಲ್ಲ.

ಕಾಗದದ ಭಾಷೆಯ ಬಗ್ಗೆಯೂ ಹೇಳಬೇಕು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದಲ್ಲೇ ಅತ್ಯಂತ ಕಡಿಮೆ. ಇಂತಹ ಜಿಲ್ಲೆಯಲ್ಲಿ ಇಪ್ಪತ್ತು ಪುಟಗಳ ಇಂಗ್ಲಿಷ್ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಒಪ್ಪಂದವೆಂದು ಹೇಗೆ ಕರೆಯುವುದು? 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಎಲ್ಲ ಶುಲ್ಕ ಸೇರಿದ ನಿಜವಾದ ವಾರ್ಷಿಕ ದರವನ್ನು ತೋರಿಸುವ 'ಮುಖ್ಯಾಂಶಗಳ ಪತ್ರ'ವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಎಂಬ ನಿಯಮವಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಹಕ್ಕು. ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ ಎಂದು ನಮ್ಮ ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಬರೆದದ್ದನ್ನು ಓದದೆ ಪೆಟ್ಟಿಗೆಯಲ್ಲಿಡುವ ಸಮುದಾಯವೂ ನಮ್ಮದೇ.

ಆ ಪೆಟ್ಟಿಗೆಯ ಕಾಗದ ಮನೆಯಾಕೆಗೂ ಗೊತ್ತಿರುವುದಿಲ್ಲ. ಬಡ್ಡಿಯ ಸಾಲ ಮಾಡಿದ್ದೇನೆ ಎಂದು ಮಸೀದಿಯ ಗೆಳೆಯರ ಮುಂದೆ ಹೇಳಲು ನಾಚಿಕೆ. ಕಂತು ತಪ್ಪಿದೆ ಎಂದು ಹೆಂಡತಿಗೆ ಹೇಳಲು ಸಂಕೋಚ. ಎರಡು ಕಂತು ಬಾಕಿಯಾದಾಗ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಬರುತ್ತದೆ. ವರ್ಷಕ್ಕೆ ಶೇ. 36, ಇಪ್ಪತ್ತನಾಲ್ಕನ್ನು ತೀರಿಸಲು ಮೂವತ್ತಾರು! ಅದು ಮುಳುಗಿದಾಗ ಆಕೆಯ ಕೊರಳಿನದು, ಕೈಯದು ಗಿರವಿ ಅಂಗಡಿಗೆ ಹೋಗುತ್ತದೆ. ಮನೆಗೆ ವಿಷಯ ತಿಳಿಯುವುದು ಆಗ. ಸಾಲ ವರ್ಗಾಯಿಸುವ ಕಾಲ ಎಂದೋ ಮೀರಿ ಹೋಗಿರುತ್ತದೆ.

ಬಡ್ಡಿ ನಿಷಿದ್ಧ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆಗಲೇ ಸಿಕ್ಕಿಬಿದ್ದವನಿಗೆ ನಿಷಿದ್ಧತೆಯನ್ನು ಮತ್ತೊಮ್ಮೆ ಹೇಳುವುದು ಬಿಟ್ಟು ನಾವೇನು ಮಾಡಿದ್ದೇವೆ? ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬ. ನಮ್ಮ ಝಕಾತ್ ಹಂಚಿಕೆಯಲ್ಲಿ ಅವನ ಹೆಸರು ಎಷ್ಟು ಬಾರಿ ಕೇಳಿಬಂದಿದೆ? ಜಮಾಅತ್ತಿನ ನಿಧಿಯಿಂದ ಯಾರಿಗೂ ಕಾರು ಕೊಡಿಸಲಾಗದು. ಎರಡು ಕಂತಿನ 26,000ವನ್ನು ಬಡ್ಡಿರಹಿತವಾಗಿ ಕೈಗಡ ನೀಡಲು ಸಾಧ್ಯವಿದೆ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಆ ಮೇಲೆ ಕಡಿಮೆ ಬಡ್ಡಿಯ ಯಾವ ಬಾಗಿಲೂ ಸುಲಭದಲ್ಲಿ ತೆರೆಯದು. ಅರುವತ್ತನೆಯ ದಿನ ದೊರೆಯುವ 26,000 ಒಬ್ಬನ ದಾಖಲೆಯನ್ನೂ ಗಾಡಿಯನ್ನೂ ಉಳಿಸಬಲ್ಲದು. ನೂರನೆಯ ದಿನ ದೊರೆಯುವ ಲಕ್ಷ ರೂಪಾಯಿಗೆ ಆ ಶಕ್ತಿಯಿಲ್ಲ. ಜುಮಾ ನಮಾಝಿನ ನಂತರ ಒಂದು ಗಂಟೆ, ಪದವಿ ಓದಿದ ಇಬ್ಬರು ಯುವಕರು ಮೊಬೈಲ್ ಹಿಡಿದು ಕುಳಿತು ಜನರ ಸಾಲದ ವರದಿ ತೆಗೆದು ಓದಿ ಹೇಳಲಿ. ಇದಕ್ಕೆ ನಿಧಿಯೂ ಬೇಡ.

'ಹಲಾಲ್' ಎಂಬ ಹಲಗೆ ತೂಗುಹಾಕಿಕೊಂಡು ಬರುವವರ ಬಗ್ಗೆ ಮಾತ್ರ ಎಚ್ಚರವಿರಲಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಮಕ್ಕಳ ಮದುವೆಗೆ, ಹಜ್ಜಿಗೆ ಎಂದು ಕೂಡಿಟ್ಟಿದ್ದನ್ನು ಕಳೆದುಕೊಂಡವರು ಬಡ್ಡಿಯಿಂದ ದೂರವಿರಬೇಕೆಂದು ಬಯಸಿದ್ದ ನಮ್ಮವರೇ ಆಗಿದ್ದರು. ಬಡ್ಡಿರಹಿತ ಹಣಕಾಸಿನ ಸೌಲಭ್ಯಕ್ಕೆ ಬ್ಯಾಂಕಿಂಗ್ ವ್ಯವಸ್ಥೆಯಲ್ಲೇ ಅವಕಾಶವಿರಲಿ ಎಂದು ರಘುರಾಂ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಕಾನೂನಿನ ಬಾಗಿಲು ಮುಚ್ಚಿದಾಗ ವಂಚಕರ ಕಿಟಕಿ ತೆರೆದುಕೊಳ್ಳುತ್ತದೆ.

ಸರಕಾರದ ಕಡೆಯಿಂದಲೂ ಸಿಕ್ಕಿಬಿದ್ದವನಿಗೆ ಹೆಚ್ಚೇನಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸ್ವಾವಲಂಬಿ ಸಾರಥಿ ಯೋಜನೆಯ ಸಹಾಯಧನ ಹೊಸದಾಗಿ ವಾಹನ ಕೊಳ್ಳುವವನಿಗೆ. ಆಗಲೇ ಕೊಂಡು ಮುಳುಗುತ್ತಿರುವವನಿಗಲ್ಲ. ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಫೈನಾನ್ಸ್ ಕಂಪೆನಿಗಳಿಗೆ ಅನ್ವಯಿಸಲಿಲ್ಲ. ಗಾಡಿ ಸಾಲದ ಬಹುಪಾಲು ಅವುಗಳದ್ದೇ. ಹಳೆಯ ಹೆಚ್ಚಿನ ಬಡ್ಡಿಯ ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಲು ನಿಗಮವೇ ಜಾಮೀನು ನಿಲ್ಲುವ ಒಂದು ಯೋಜನೆಯನ್ನು ನಮ್ಮ ಮೂರು ಪಟ್ಟಣಗಳ ಜನಪ್ರತಿನಿಧಿಗಳು ಒಮ್ಮೆಯಾದರೂ ಕೇಳಬಾರದೇ? ಅದರ ಖರ್ಚು ಹೊಸ ಗಾಡಿಗಳ ಸಹಾಯಧನಕ್ಕಿಂತ ಹೆಚ್ಚಾಗಲಾರದು.

ಅಲ್ಲಿಯವರೆಗೆ ಕಂತು ತಪ್ಪಿದವನು ಫೋನ್ ಸ್ವಿಚ್ ಆಫ್ ಮಾಡಿ ಗಾಡಿಯನ್ನು ಬಂಧುಗಳ ಹಳ್ಳಿಯಲ್ಲಿ ಬಚ್ಚಿಡುವುದರಿಂದ ಏನೂ ಆಗದು. ಕಂತಿನ ಅವಧಿ ಮರುಹೊಂದಿಸಿ ಎಂದು ಕಂಪೆನಿಗೆ ಬರಹದಲ್ಲಿ ಕೇಳಿ ಸ್ವೀಕೃತಿ ಪಡೆಯಬೇಕು. ಗೂಂಡಾಗಳನ್ನು ಕಳಿಸಿ ವಾಹನ ಕಸಿಯುವಂತಿಲ್ಲ, ಕಾನೂನಿನ ಮೂಲಕವೇ ವಸೂಲಿ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾರರು ಕರೆ ಮಾಡುವಂತಿಲ್ಲ ಎಂಬುದು 2022ರ ರಿಸರ್ವ್ ಬ್ಯಾಂಕ್ ಸೂಚನೆ. ಕಂಪೆನಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ನೀಡಬಹುದು. ಮಾಹಿತಿಗೆ 14448 ಸಂಖ್ಯೆಯಿದೆ.

ಸಾಲ ಪೂರ್ತಿ ತೀರಿಸಿದವರಿಗೂ ಒಂದು ಮಾತು. ಕೊನೆಯ ಕಂತು ಕಟ್ಟಿದ ದಿನ ಸಿಹಿ ಹಂಚಿ ಸುಮ್ಮನಾಗುವವರೇ ಹೆಚ್ಚು. ಕಂಪೆನಿಯಿಂದ ಎನ್‌ಒಸಿ ಮತ್ತು ಸಹಿಯಾದ ಫಾರಂ 35 ಪಡೆದು, ಖಾಲಿ ಚೆಕ್‌ಗಳನ್ನು ಮರಳಿ ಪಡೆದು, ಯಾದಗಿರಿಯ ಸಾರಿಗೆ ಕಚೇರಿಯಲ್ಲಿ ಆರ್‌ಸಿಯಿಂದ ಕಂಪೆನಿಯ ಹೆಸರನ್ನು ತೆಗೆಸಬೇಕು. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದವರೂ ಹಳೆಯ ಹೆಸರು ಹೋಗಿ ಹೊಸದು ಸೇರಿದೆಯೇ ಎಂದು ನೋಡಿಕೊಳ್ಳಬೇಕು. ಒಂದೆರಡು ತಿಂಗಳ ಬಳಿಕ ಸಾಲದ ವರದಿಯನ್ನು ಮತ್ತೊಮ್ಮೆ ತೆಗೆದು ಹಳೆಯ ಸಾಲ ಮುಕ್ತಾಯವೆಂದು ದಾಖಲಾಗಿದೆಯೇ ಎಂದು ಪರೀಕ್ಷಿಸಿ. ಗಾಜಿನ ಮೇಲಿನ ಸಣ್ಣ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು ಆ ಮೇಲಿನ ಕೆಲಸ.