ಸೂರ್ಯನಿರುವಲ್ಲಿ ದೀಪವೇಕೆ?

ಕೂಡ್ಲಿಗಿ ಸೀಮೆಯ ನನ್ನ ಪೂರ್ವಶಿಷ್ಯನೊಬ್ಬನು ಹೊಲವನ್ನು ಅಡವಿಟ್ಟು, ಮುಚ್ಚಿದ ಕೋಣೆಯಲ್ಲಿ ವಿದ್ಯುದ್ದೀಪದ ಕೆಳಗೆ, ಮಣ್ಣಿಲ್ಲದೆ ಸೊಪ್ಪು ಬೆಳೆಯಲು ಹೊರಟಿರುವನು. ಜಲಕೃಷಿಯನ್ನು ನಾನು ಹಳಿಯುವವನಲ್ಲ. ಲವಣ ಬೆರೆಸಿದ ಅದೇ ನೀರು ಮರಳಿ ಮರಳಿ ಬೇರಿಗೆ ಹರಿಯುವುದರಿಂದ, ಕೊಟ್ಟೂರು, ಹರಪನಹಳ್ಳಿಗಳಂತಹ ಬರಸೀಮೆಗೆ ಅದು ಉಪಕಾರಿಯೇ ಸರಿ.

ಆದರೆ ದೀಪವೇಕೆ? ಎಲೆಯು ಹೆಚ್ಚಾಗಿ ಹೀರುವ ಕೆಂಪು, ನೀಲಿ ಕಿರಣಗಳೆರಡೂ ಬಿಸಿಲಿನಲ್ಲಿಯೇ ಇರುವುವು. ಬಳ್ಳಾರಿಯ ಬಳಿ ಕುಡತಿನಿಯಲ್ಲಿ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಾಗದೆ ವ್ಯರ್ಥವಾಗುವುದು. ಉಳಿದುದು ತಂತಿಯಲ್ಲಿಯೂ ದೀಪದಲ್ಲಿಯೂ ಮತ್ತಷ್ಟು ಸವೆಯುವುದು. ಹೀಗೆ ಕೊಂಡ ಬೆಳಕಿನ ಬೆಲೆಯನ್ನು ಮೆಂತ್ಯದ ಕಟ್ಟು ತೀರಿಸೀತೇ?

ಹಿಮದೇಶದ ಚಳಿಗಾಲಕ್ಕೆ ದೀಪವು ಯುಕ್ತ. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಬೇಸಗೆಯ ಉರಿಗೆ ನೆರಳುಬಲೆಯುಂಟು. ನೀರಿನ ವಿದ್ಯೆಯನ್ನು ಕಲಿಯೋಣ. ಸಾಲ ಮಾಡಿ ಸೂರ್ಯನಿಗೆ ದೀಪ ಹಿಡಿಯುವುದು ಬೇಡ.