ವ್ಯಾಸಂಗವನ್ನು ಯೋಜಿಸುವ ಹೊಣೆ

ಗ್ರಾಮಾಂತರದ ಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿದ ವಿದ್ಯಾರ್ಥಿಯು ಎಂಜಿನಿಯರಿಂಗ್ ಪದವಿಯನ್ನು ಪಡೆಯುವ ತನಕ ಹದಿನಾರು ವರ್ಷಗಳ ಕಾಲ ಅನ್ಯರು ಹಾಕಿಕೊಟ್ಟ ಹಾದಿಯಲ್ಲಿಯೇ ನಡೆಯುತ್ತಾನೆ. ಯಾವ ಪಠ್ಯ, ಯಾವ ಪರೀಕ್ಷೆ ಎಂಬುದೆಲ್ಲ ಅವನಿಗಾಗಿ ಮೊದಲೇ ಗೊತ್ತಾಗಿರುತ್ತದೆ. ಸ್ನಾತಕೋತ್ತರ ವ್ಯಾಸಂಗಕ್ಕೆ ಕಾಲಿಟ್ಟೊಡನೆ, ಹದಿನೇಳನೆಯ ವರ್ಷದಲ್ಲಿ, ಏನನ್ನು ಕಲಿಯಬೇಕೆಂಬ ಪ್ರಶ್ನೆಯನ್ನು ಅವನ ಮುಂದೆಯೇ ಇಡಲಾಗುತ್ತದೆ. ಅದಕ್ಕೆ ಉತ್ತರಿಸುವ ಶಿಕ್ಷಣವನ್ನು ಮಾತ್ರ ಅವನಿಗೆ ಯಾರೂ ಕೊಟ್ಟಿರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎರಡು ವರ್ಷಗಳ ಎಂ.ಟೆಕ್. ಪದವಿಗೆ 64 ಕ್ರೆಡಿಟ್‌ಗಳನ್ನು ಪೂರೈಸಬೇಕು. ಕಡ್ಡಾಯ ವಿಷಯಗಳು ಮತ್ತು ಪ್ರಾಜೆಕ್ಟನ್ನು ಬಿಟ್ಟರೆ ಉಳಿದವು ವಿದ್ಯಾರ್ಥಿಯ ಆಯ್ಕೆಗೆ ಸೇರಿದವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಪದವಿಗೆ ಕನಿಷ್ಠ 45 ಯೂನಿಟ್‌ಗಳು ಬೇಕು; ತಾನು ಓದಲಿರುವ ವಿಷಯಗಳ ಪಟ್ಟಿಯನ್ನು ವಿದ್ಯಾರ್ಥಿಯೇ ಸಿದ್ಧಪಡಿಸಿ ಸಲಹೆಗಾರರ ಒಪ್ಪಿಗೆಯನ್ನು ಪಡೆಯಬೇಕು. ಹೆಚ್ಚಿನವರು ಇದನ್ನು ತುಂಬಬೇಕಾದ ಒಂದು ಅರ್ಜಿಯೆಂದು ಬಗೆಯುತ್ತಾರೆ. ವಾಸ್ತವವಾಗಿ ಇಡೀ ಪದವಿಯ ಸತ್ತ್ವ ಅಡಗಿರುವುದು ಈ ಒಂದು ಹಾಳೆಯಲ್ಲಿ.

ಆಯ್ಕೆಯ ಸ್ವಾತಂತ್ರ್ಯವೊಂದೇ ಸಾಲದೆಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. 1869ರಿಂದ 1909ರವರೆಗೆ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರು ಐಚ್ಛಿಕ ವಿಷಯಗಳ ಪದ್ಧತಿಯನ್ನು ವ್ಯಾಪಕವಾಗಿ ಬೆಳೆಸಿದರು. ವಿದ್ಯಾರ್ಥಿಗಳಲ್ಲಿ ಹಲವರು ಸುಲಭವಾದವುಗಳನ್ನು ಅಲ್ಲೊಂದು ಇಲ್ಲೊಂದು ಆಯ್ದುಕೊಂಡು ಪದವಿ ಮುಗಿಸತೊಡಗಿದರು. ಅವರ ಉತ್ತರಾಧಿಕಾರಿ ಲಾರೆನ್ಸ್ ಲೊವೆಲ್ ಅವರು ಒಂದು ವಿಷಯದಲ್ಲಿ ಆಳವೂ ಇತರ ವಿಷಯಗಳಲ್ಲಿ ಹರಹೂ ಇರಬೇಕೆಂಬ ನಿಯಮವನ್ನು ತರಬೇಕಾಯಿತು. ಅದು ಸ್ನಾತಕ ವಿದ್ಯಾರ್ಥಿಗಳ ಮಾತಾದರೂ ಅದರ ಪಾಠ ಎಲ್ಲ ಹಂತಗಳಿಗೂ ಸಲ್ಲುತ್ತದೆ.

ಉತ್ತಮ ವ್ಯಾಸಂಗ ಯೋಜನೆಯು ವಿಷಯಗಳ ಪಟ್ಟಿಯಿಂದ ಆರಂಭವಾಗುವುದಿಲ್ಲ. ಒಂದು ಪ್ರಶ್ನೆಯಿಂದ ಆರಂಭವಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಂತಹ ಹಳೆಯ ಕೆರೆಗಳಲ್ಲಿ ಹೂಳು ತುಂಬುವುದನ್ನು ತಡೆಯುವ ಬಗೆಯನ್ನು ಅರಿಯಬೇಕೆಂಬ ಸಿವಿಲ್ ಪದವೀಧರನೊಬ್ಬನನ್ನು ಉದಾಹರಣೆಯಾಗಿ ಕಲ್ಪಿಸಬಹುದು. ಅವನಿಗೆ ಜಲವಿಜ್ಞಾನ ಬೇಕು. ಮಳೆಯ ಏರಿಳಿತವನ್ನು ಲೆಕ್ಕ ಹಾಕಲು ಸಂಭವನೀಯತಾ ಗಣಿತ ಬೇಕು. ಹರಿಯುವ ನೀರು ಮಣ್ಣನ್ನು ಹೊತ್ತೊಯ್ಯುವ ಬಗೆಯನ್ನು ತಿಳಿಯಲು ದ್ರವಬಲವಿಜ್ಞಾನ ಬೇಕು. ಜಲಾನಯನ ಪ್ರದೇಶದ ಬದಲಾವಣೆಗಳನ್ನು ಗುರುತಿಸಲು ಉಪಗ್ರಹ ಚಿತ್ರಗಳ ಅಭ್ಯಾಸ ಬೇಕು. ಇವು ಒಂದೇ ವಿಭಾಗದಲ್ಲಿ ದೊರೆಯಲಾರವು. ಇವುಗಳಿಗೆ ಒಂದು ಕ್ರಮವೂ ಉಂಟು. ಗಣಿತ ಮೊದಲು, ಅದನ್ನು ಬಳಸುವ ವಿಷಯ ಆಮೇಲೆ. ವರ್ಷಕ್ಕೊಮ್ಮೆ ಮಾತ್ರ ಬೋಧಿಸುವ ವಿಷಯವನ್ನು ಮೊದಲ ವರ್ಷದಲ್ಲಿ ಕೈಬಿಟ್ಟವನು ಪ್ರಾಜೆಕ್ಟಿನ ಕಾಲಕ್ಕೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಕೊನೆಯ ಅವಧಿಯ ಕೆಲಸವನ್ನು ಮುಂದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದೇ ಸರಿಯಾದ ಮಾರ್ಗ.

ಉದ್ಯೋಗ ದೊರಕಿಸುವ ವಿಷಯಗಳನ್ನು ಆರಿಸಿಕೊಳ್ಳುವುದು ತಪ್ಪೇ ಎಂಬ ಆಕ್ಷೇಪಣೆಗೆ ಅರ್ಥವಿದೆ. ಹೊಲವನ್ನು ಒತ್ತೆಯಿಟ್ಟು ಸಾಲ ತಂದ ಕುಟುಂಬದ ಮಗನಿಗೆ ಸಂಪಾದನೆಯನ್ನು ಮರೆಯೆಂದು ಹೇಳುವುದು ಧರ್ಮವಲ್ಲ. ಕಾಯಕದಲ್ಲಿ ನಂಬುಗೆಯುಳ್ಳ ಪರಂಪರೆಯು ದುಡಿಮೆಯನ್ನು ಎಂದೂ ಕೀಳೆಂದು ಎಣಿಸಿಲ್ಲ. ಆದರೆ ಅಂದಂದಿನ ಬೇಡಿಕೆಯನ್ನೇ ನೆಚ್ಚಿ ಕಲಿತದ್ದು ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಬುನಾದಿಯಾಗಿ ಕಲಿತ ಗಣಿತ, ಭೌತವಿಜ್ಞಾನಗಳು ಹೊಸದನ್ನು ಕಲಿಯುವ ಶಕ್ತಿಯನ್ನು ಕೊನೆಯವರೆಗೂ ಕೊಡುತ್ತವೆ. ಸಾಲದ ಹೊರೆಯುಳ್ಳವನಿಗೇ ಈ ಬುನಾದಿ ಹೆಚ್ಚು ಅವಶ್ಯಕ. ಎರಡನೆಯ ಬಾರಿ ಕಲಿಯಲು ಅವನ ಬಳಿ ಹಣವಿರುವುದಿಲ್ಲ.

ಯೋಜನೆಯು ವಿದ್ಯಾರ್ಥಿಯದೇ ಆದರೂ ಅದು ಒಂಟಿಯಾಗಿ ಮಾಡುವ ಕೆಲಸವಲ್ಲ. ಇಷ್ಟಲಿಂಗವು ಪ್ರತಿಯೊಬ್ಬರಿಗೂ ಅವರವರದೇ. ಅದರ ಪೂಜೆಯನ್ನು ಇನ್ನೊಬ್ಬರ ಕೈಯಿಂದ ಮಾಡಿಸುವಂತಿಲ್ಲ. ಆದರೂ ಅದು ಕರಸ್ಥಲಕ್ಕೆ ಬರುವುದು ಗುರುವಿನ ಮುಖಾಂತರವೇ. ಸ್ವಂತಿಕೆಗೂ ಮಾರ್ಗದರ್ಶನಕ್ಕೂ ವಿರೋಧವಿಲ್ಲವೆಂಬ ಈ ತಿಳಿವಳಿಕೆ ಮಠದ ಶಾಲೆಗಳಲ್ಲಿ ಬೆಳೆದವರಿಗೆ ಹೊಸದಲ್ಲ. ಸಲಹೆಗಾರರ ಸಹಿಯನ್ನು ಮಾತ್ರ ಬೇಡುವವನು ಗುರುವನ್ನು ಗುಮಾಸ್ತನನ್ನಾಗಿ ಮಾಡುತ್ತಾನೆ. ತನ್ನ ಪ್ರಶ್ನೆಯನ್ನು ಮುಂದಿಟ್ಟು ವಾದಿಸುವವನು ಶಿಷ್ಯನಾಗುತ್ತಾನೆ. ಕಲಿಯುತ್ತ ಹೋದಂತೆ ಯೋಜನೆ ಬದಲಾಗಬಹುದು. ಬದಲಾವಣೆಗೆ ಕಾರಣವನ್ನು ಹೇಳಬಲ್ಲವನಾದರೆ ಅದು ದೋಷವಲ್ಲ, ಬೆಳವಣಿಗೆ.

ಈ ಕಾರ್ಯದಲ್ಲಿ ಮೂವರಿಗೂ ಪಾಲಿದೆ. ಉನ್ನತ ವ್ಯಾಸಂಗಕ್ಕೆ ನೆರವು ನೀಡುವ ದಾನಿಗಳು ಅಂಕಪಟ್ಟಿಯ ಜೊತೆಗೆ ಒಂದು ಪುಟದ ವ್ಯಾಸಂಗ ಯೋಜನೆಯನ್ನೂ ಕೇಳಬೇಕು. ಎಂಜಿನಿಯರುಗಳಾಗಿರುವ ಹಳೆಯ ವಿದ್ಯಾರ್ಥಿಗಳು ಹೊರಡಲಿರುವವರೊಡನೆ ಒಂದು ಸಂಜೆ ಕುಳಿತು ಆ ಪುಟವನ್ನು ತಿದ್ದಬೇಕು. ಹಣದ ದಾಸೋಹದಷ್ಟೇ ಜ್ಞಾನದ ದಾಸೋಹವೂ ದೊಡ್ಡದು. ಪ್ರೌಢಶಾಲೆಯ ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಯಿಂದಲೇ ಒಂದು ವಿಷಯವನ್ನು ಆರಿಸಿ, ಆರಿಸಿದುದೇಕೆಂದು ಬರೆಯಿಸಬೇಕು. ಹದಿಮೂರನೆಯ ವಯಸ್ಸಿನಲ್ಲಿ ಸಣ್ಣ ಆಯ್ಕೆಯೊಂದಕ್ಕೆ ಕಾರಣ ಹೇಳಲು ಕಲಿತವನು ಇಪ್ಪತ್ತೆರಡರಲ್ಲಿ ದೊಡ್ಡ ಆಯ್ಕೆಯ ಮುಂದೆ ತಬ್ಬಿಬ್ಬಾಗುವುದಿಲ್ಲ.